ಜೀವಕೋಶಕ್ಕೆ ಯಾವೂರು?

ಹಿಂದೂಪುರದಿಂದ ಬೆಂಗಳೂರಿಗೆ ಬರುವ ರೈಲಿನಲ್ಲಿ ಎದುರು ಕೂತವರು ಮೊದಲು ಕೇಳುವುದು ಹೆಸರನ್ನಲ್ಲ, ಊರನ್ನು. “ಯಾವೂರಮ್ಮಾ ನಿಮ್ದು?” “ರೊದ್ದಂ ಹತ್ರ.” ಅಷ್ಟು ಸಾಕು, ಮಾತು ಶುರು. ಸರ್ಕಾರದ ಕಾಗದದಲ್ಲಿ ರೊದ್ದಂ ಆಂಧ್ರಪ್ರದೇಶದ್ದು. 2022ರ ಏಪ್ರಿಲ್‌ವರೆಗೆ ಅನಂತಪುರ ಜಿಲ್ಲೆಯಲ್ಲಿತ್ತು, ಈಗ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಆದರೆ ರೊದ್ದಂ, ಮಡಕಶಿರಾ, ಕಲ್ಯಾಣದುರ್ಗದ ಸೀಮೆಯಲ್ಲಿ ಸಂತೆಗೆ ತೆಲುಗು, ಎಷ್ಟೋ ಮನೆಗಳ ಅಡುಗೆಕೋಣೆಗೆ ಕನ್ನಡ. ಆಧಾರ್ ಕಾರ್ಡಿನ ವಿಳಾಸ ಒಂದು ಹೇಳಿದರೆ ನಾಲಿಗೆ ಇನ್ನೊಂದು ಹೇಳುತ್ತದೆ.

ಊರು ಬಿಟ್ಟವರ ಹೆಸರಿನಲ್ಲೂ ಊರು ಉಳಿದುಬಿಡುತ್ತದೆ. ದ್ರವಗಳ ಹರಿವಿನ ಬಗ್ಗೆ ಜಗತ್ತಿಗೇ ಪಾಠ ಹೇಳಿದ ವಿಜ್ಞಾನಿ ರೊದ್ದಂ ನರಸಿಂಹ ಬದುಕಿದ್ದು, ದುಡಿದದ್ದು ಬೆಂಗಳೂರಿನಲ್ಲಿ, 2020ರ ಡಿಸೆಂಬರಿನಲ್ಲಿ ತೀರಿಕೊಂಡದ್ದೂ ಅಲ್ಲೇ. ಅವರ ತಂದೆ ಆರ್. ಎಲ್. ನರಸಿಂಹಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದರು. ಕನ್ನಡದಲ್ಲಿ ವಿಜ್ಞಾನ ಬರೆದ ಮೊದಲ ಸಾಲಿನವರಲ್ಲಿ ಅವರೊಬ್ಬರು. ಬೆಂಗಳೂರಿನ ಮನೆಯ ಬಾಗಿಲಿಗೆ ಬೆಂಗಳೂರಿನ ನಂಬರು. ಹೆಸರಿನ ಮೊದಲ ಅಕ್ಷರಕ್ಕೆ ಮಾತ್ರ ರೊದ್ದಂ.

ಕ್ಯಾನ್ಸರಿನ ಜೀವಕೋಶಗಳೂ ಹೀಗೆಯೇ. ಸಿಕ್ಕ ಜಾಗ ಒಂದು, ಹುಟ್ಟಿದ ಜಾಗ ಇನ್ನೊಂದು. ಅಂಡಾಶಯದ ಗಡ್ಡೆಗಳಲ್ಲಂತೂ ಈ ಗೊಂದಲ ಮಿಕ್ಕ ಅಂಗಗಳಿಗಿಂತ ಹೆಚ್ಚು. ಅದನ್ನು ಬಿಡಿಸಲು ರೋಗವಿಜ್ಞಾನಿ, ಅಂದರೆ ಪೆಥಾಲಜಿಸ್ಟ್, ಬಳಸುವುದು ಬಣ್ಣ. ಈ ಅಧ್ಯಾಯ ಆ ಬಣ್ಣಗಾರಿಕೆಯ ಕುರಿತು.

ಒಬ್ಬ ಹೆಂಗಸನ್ನು ಕಲ್ಪಿಸಿಕೊಳ್ಳೋಣ. ಐವತ್ತೈದರ ಆಸುಪಾಸು, ರೊದ್ದಂ ಕಡೆಯ ಒಂದು ಹಳ್ಳಿ, ಮನೆಯಲ್ಲಿ ರೇಷ್ಮೆಹುಳು ಸಾಕಣೆ. ಮೂರು ತಿಂಗಳಿಂದ ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ. “ಗ್ಯಾಸ್ಟ್ರಿಕ್ ಇರ್ಬೇಕು” ಎಂದು ಮಾತ್ರೆ ನುಂಗಿದ್ದಾಯಿತು. ಸೀರೆಯ ನೆರಿಗೆ ಕೂರದಷ್ಟು ಹೊಟ್ಟೆ ಬಂದಾಗ ಹಿಂದೂಪುರದಲ್ಲಿ ಸ್ಕ್ಯಾನಿಂಗ್. ಎರಡೂ ಅಂಡಾಶಯಗಳಲ್ಲಿ ಗಡ್ಡೆ, ಹೊಟ್ಟೆಯೊಳಗೆ ನೀರು. ರಕ್ತದಲ್ಲಿ ಸಿಎ-125 ಎಂಬ ವಸ್ತು 35ರ ಒಳಗಿರಬೇಕಾದದ್ದು ನೂರುಗಟ್ಟಲೆ. ಡಾಕ್ಟರು ಚೀಟಿ ಬರೆದು ಬೆಂಗಳೂರಿಗೆ ಕಳಿಸುತ್ತಾರೆ. ಹಿಂದೂಪುರದಿಂದ ನೂರು ಕಿಲೋಮೀಟರು. ಗಡಿಯಾಚೆಯ ಈ ಸೀಮೆಯವರಿಗೆ ಕ್ಯಾನ್ಸರ್ ಎಂದರೆ ನೆನಪಾಗುವ ಮೊದಲ ಹೆಸರು ಕಿದ್ವಾಯಿ, 1973ರಲ್ಲಿ ಶುರುವಾದ ಆಸ್ಪತ್ರೆ. 1982ರಿಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯ ಲೆಕ್ಕವೂ ಅಲ್ಲಿಯೇ ಬರೆಯಲಾಗುತ್ತಿದೆ.

ಆಕೆಯ ಹೊಟ್ಟೆಯಲ್ಲಿರುವುದು ಏನು? ಅಂಡಾಶಯದ ಕ್ಯಾನ್ಸರ್ ಎಂದು ಸ್ಕ್ಯಾನಿಂಗಿನ ಕಾಗದ ಹೇಳಿದರೂ ದಾರಿಗಳು ಹಲವು. ಅಂಡಾಶಯದ್ದೇ ಕ್ಯಾನ್ಸರ್ ಆಗಿರಬಹುದು, ಅದರಲ್ಲೂ ಐದಾರು ಜಾತಿ. ಜಠರದಲ್ಲೋ ದೊಡ್ಡಕರುಳಿನಲ್ಲೋ ಹುಟ್ಟಿ ಇಲ್ಲಿಗೆ ಬಂದು ಬೀಡುಬಿಟ್ಟದ್ದಾಗಿರಬಹುದು. ಕ್ಯಾನ್ಸರೇ ಅಲ್ಲದೆ ಟಿಬಿಯೂ ಆಗಿರಬಹುದು. ಹೊಟ್ಟೆಯ ಪೊರೆಗೆ ತಗಲಿದ ಕ್ಷಯ ಹೀಗೆಯೇ ನೀರು ತುಂಬಿಸುತ್ತದೆ, ಗಂಟು ಗಂಟಾಗಿಸುತ್ತದೆ, ಸಿಎ-125 ಅನ್ನೂ ಏರಿಸುತ್ತದೆ. ಕ್ಯಾನ್ಸರ್ ಎಂದು ಹೊಟ್ಟೆ ತೆರೆದು, ಕ್ಷಯ ಕಂಡು, ಹೊಲಿದು, ಆರು ತಿಂಗಳ ಟಿಬಿ ಮಾತ್ರೆಯಲ್ಲಿ ಗುಣವಾದ ಹೆಂಗಸರು ನಮ್ಮ ದೇಶದಲ್ಲಿ ಕಡಿಮೆಯೇನಿಲ್ಲ. ಒಂದೊಂದು ದಾರಿಗೂ ಔಷಧ ಬೇರೆ. ಆದ್ದರಿಂದ ಒಂದು ತುಣುಕು ತೆಗೆದು ನೋಡಲೇಬೇಕು.

ತೆಗೆದ ತುಣುಕು ಸೂಕ್ಷ್ಮದರ್ಶಕದ ಕೆಳಗೆ ಹೋಗುವ ದಾರಿಯನ್ನು ರೇಷ್ಮೆ ಕಂಡವರಿಗೆ ವಿವರಿಸುವುದು ಸುಲಭ. ಹುಳು ಸಾಕಿದವರಿಗೆ ಗೊತ್ತು, ಗೂಡನ್ನು ಸಮಯಕ್ಕೆ ಸರಿಯಾಗಿ ಹಬೆಗೋ ಬಿಸಿಗೋ ಒಡ್ಡದಿದ್ದರೆ ಒಳಗಿನ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ. ಸಾವಿರ ಮೀಟರಿನ ಎಳೆ ಚೂರುಚೂರು. ಅಂಗಾಂಶಕ್ಕೂ ಅಂಥದೇ ಗಡುವು. ದೇಹದಿಂದ ಬೇರೆಯಾದ ಗಳಿಗೆಯಿಂದ ಜೀವಕೋಶ ತನ್ನನ್ನು ತಾನೇ ಜೀರ್ಣಿಸಿಕೊಳ್ಳಲು ತೊಡಗುತ್ತದೆ. ಅದನ್ನು ಅಲ್ಲಿಯೇ ತಡೆದು ನಿಲ್ಲಿಸುವುದು ಫಾರ್ಮಲಿನ್. ಜರ್ಮನಿಯ ಫರ್ಡಿನಾಂಡ್ ಬ್ಲುಮ್ 1893ರಲ್ಲಿ ಇದನ್ನು ಸೋಂಕುನಾಶಕವಾಗಿ ಪರೀಕ್ಷಿಸುತ್ತಿದ್ದಾಗ ಬೆರಳ ತುದಿಯ ಚರ್ಮ ಗಟ್ಟಿಯಾದದ್ದನ್ನು ಗಮನಿಸಿದ. ಅಂದಿನಿಂದ ಜಗತ್ತಿನ ಎಲ್ಲ ಪ್ರಯೋಗಾಲಯಗಳಲ್ಲೂ ಅದೇ ವಾಸನೆ. ಫಾರ್ಮಲಿನ್ ಪ್ರೋಟೀನುಗಳ ನಡುವೆ ಸೇತುವೆ ಕಟ್ಟಿ ಎಲ್ಲವನ್ನೂ ಇದ್ದಲ್ಲಿಯೇ ಹಿಡಿದಿಡುತ್ತದೆ. ಆಮೇಲೆ ನೀರು ತೆಗೆದು, ಮೇಣ ತುಂಬಿ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಬ್ಲಾಕ್ ಮಾಡುತ್ತಾರೆ. ಅದರಿಂದ ಮೂರು ನಾಲ್ಕು ಮೈಕ್ರಾನ್ ದಪ್ಪದ ಹಾಳೆ ಸೀಳುತ್ತಾರೆ. ರೇಷ್ಮೆಯ ಒಂಟಿ ಎಳೆಗಿಂತಲೂ ತೆಳು.

ಈ ಹಾಳೆಗೆ ಬಣ್ಣವಿಲ್ಲ. ಗಾಜಿನ ಪಟ್ಟಿಯ, ಅಂದರೆ ಸ್ಲೈಡಿನ, ಮೇಲೆ ಕೂರಿಸಿದರೆ ಗಾಜಿನ ಮೇಲೆ ಗಾಜಿಟ್ಟಂತೆ. ಹಾಗಾಗಿ ಮೊದಲ ಬಣ್ಣ, ಹಿಮಟಾಕ್ಸಿಲಿನ್. ಮೆಕ್ಸಿಕೋದ ಕ್ಯಾಂಪೀಚಿ ಸೀಮೆಯ ಒಂದು ಮರದ ಕೆಚ್ಚಿನಿಂದ ತೆಗೆದದ್ದು. ಅಂಗಾಂಶಕ್ಕೆ ಬರುವ ಮುಂಚೆ ಶತಮಾನಗಳ ಕಾಲ ಯೂರೋಪಿನ ಬಣ್ಣಗಾರರು ಇದೇ ಮರದಿಂದ ರೇಷ್ಮೆಗೆ, ಉಣ್ಣೆಗೆ ಕಪ್ಪು ಹಾಕುತ್ತಿದ್ದರು. ತಾನಾಗಿ ಅದು ಹಿಡಿಯುವುದಿಲ್ಲ, ಹಿಡಿಸಲು ಪಟಿಕ ಬೇಕು, ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಉಜ್ಜುವ ಅದೇ ಕಲ್ಲು. ಪಟಿಕ ಬೆರೆಸಿದ ಹಿಮಟಾಕ್ಸಿಲಿನ್ ಜೀವಕೋಶದ ನಡುಬಿಂದುವಿಗೆ, ಕೋಶಕೇಂದ್ರಕ್ಕೆ, ನೀಲಿ ಕೊಡುತ್ತದೆ. ಎರಡನೆಯ ಬಣ್ಣ ಇಯೋಸಿನ್, ಕಲ್ಲಿದ್ದಲ ಟಾರಿನಿಂದ 1870ರ ದಶಕದಲ್ಲಿ ಹುಟ್ಟಿದ್ದು, ಮಿಕ್ಕದ್ದಕ್ಕೆಲ್ಲ ಗುಲಾಬಿ. ನೀಲಿ, ಗುಲಾಬಿ: ನೂರೈವತ್ತು ವರ್ಷಗಳಿಂದ ಕ್ಯಾನ್ಸರನ್ನು ಕ್ಯಾನ್ಸರ್ ಎಂದು ಗುರುತಿಸಿದ್ದು ಬಹುಪಾಲು ಈ ಎರಡೇ ಬಣ್ಣ. ನಮ್ಮ ಹೆಂಗಸಿನ ತುಣುಕಿನಲ್ಲಿ ಕ್ಷಯದ ಗಂಟುಗಳಿದ್ದರೆ ಇಲ್ಲಿಯೇ ಕಾಣುತ್ತವೆ, ಪ್ರಶ್ನೆ ಮುಗಿಯುತ್ತದೆ. ಕ್ಯಾನ್ಸರ್ ಇದ್ದರೂ ಕಾಣುತ್ತದೆ. ಆದರೆ ಯಾವೂರಿನದು? ಮುಖ ನೋಡಿ ಊರು ಹೇಳುವುದು ಅನುಭವಿಗಳಿಗೆ ಎಷ್ಟೋ ಸಲ ಸಾಧ್ಯ, ಎಲ್ಲ ಸಲವೂ ಅಲ್ಲ.

ಮುಖ ನೋಡಿ ಎಡವಿದವರಲ್ಲಿ ದೊಡ್ಡವರೂ ಇದ್ದಾರೆ. 1896ರಲ್ಲಿ ಫ್ರೀಡ್ರಿಚ್ ಕ್ರುಕೆನ್‌ಬರ್ಗ್ ಎಂಬ ಜರ್ಮನ್ ವೈದ್ಯ ಅಂಡಾಶಯದ ಹೊಸ ಬಗೆಯ ಗಡ್ಡೆಯೊಂದನ್ನು ವರ್ಣಿಸಿದ. ಲೋಳೆ ತುಂಬಿ ಉಂಗುರದಂತೆ ಕಾಣುವ ಕೋಶಗಳು. ಅದು ಅಂಡಾಶಯದಲ್ಲೇ ಹುಟ್ಟಿದ್ದು ಎಂದು ನಂಬಿದ. ಕೆಲವೇ ವರ್ಷಗಳಲ್ಲಿ ಬೇರೆಯವರು ತೋರಿಸಿದರು, ಅದು ಜಠರದಂಥ ಜಾಗಗಳಿಂದ ವಲಸೆ ಬಂದ ಕ್ಯಾನ್ಸರ್ ಎಂದು. ಹೆಸರು ಮಾತ್ರ ಇಂದಿಗೂ ಅವನದೇ. ತಪ್ಪು ಮಾಡಿ ಅಮರನಾಗುವ ಭಾಗ್ಯ ವೈದ್ಯಶಾಸ್ತ್ರದಲ್ಲಿ ಆಗಾಗ ಸಿಗುತ್ತದೆ.

ಮುಖ ಸಾಲದಿದ್ದಾಗ ನಾಲಿಗೆ ಕೇಳಬೇಕು. ಜೀವಕೋಶದ ನಾಲಿಗೆ ಎಂದರೆ ಅದು ತಯಾರಿಸುವ ಪ್ರೋಟೀನುಗಳು. ನಮ್ಮ ದೇಹದ ಬಹುತೇಕ ಎಲ್ಲ ಕೋಶಗಳಲ್ಲೂ ಒಂದೇ ಡಿಎನ್ಎ ಗ್ರಂಥ ಇದೆ. ಕರುಳಿನ ಕೋಶ ಅದರ ಕೆಲವು ಪುಟ ಓದುತ್ತದೆ, ಅಂಡನಾಳದ ಕೋಶ ಬೇರೆ ಕೆಲವು. ಚಿಕ್ಕಂದಿನಲ್ಲಿ ಕಲಿತ ಮಾತನ್ನು ಕೋಶ ಸುಲಭಕ್ಕೆ ಮರೆಯುವುದಿಲ್ಲ, ಕ್ಯಾನ್ಸರ್ ಆದ ಮೇಲೂ. ಆ ಪ್ರೋಟೀನನ್ನು ಹುಡುಕಿ ಅದರ ಮೇಲೆ ಮಾತ್ರ ಬಣ್ಣ ಕೂರಿಸಿದರೆ ಊರು ತಿಳಿಯುತ್ತದೆ. ಹುಡುಕುವ ಕೆಲಸಕ್ಕೆ ದೇಹದ್ದೇ ಒಂದು ಸಾಧನವಿದೆ, ಪ್ರತಿಕಾಯ. ಒಂದು ಬೀಗಕ್ಕೆ ಮಾತ್ರ ಕೂರುವ ಕೀಲಿಯಂತೆ ಒಂದು ಪ್ರೋಟೀನಿಗೆ ಮಾತ್ರ ಅಂಟುವ ಅಣು.

ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಕಟ್ಟುವ ಉಪಾಯ ಹೂಡಿದವನು ಹಾರ್ವರ್ಡಿನ ಆಲ್ಬರ್ಟ್ ಕೂನ್ಸ್, 1941ರಲ್ಲಿ. ಅದು ಕತ್ತಲೆಕೋಣೆಯಲ್ಲಿ ವಿಶೇಷ ಬೆಳಕಿನಲ್ಲಿ ಮಾತ್ರ ಕಾಣುತ್ತಿತ್ತು. 1966ರಲ್ಲಿ ನಕಾನೆ ಮತ್ತು ಪಿಯರ್ಸ್ ಬಣ್ಣದ ಬದಲು ಒಂದು ಕಿಣ್ವವನ್ನು ಕಟ್ಟಿದರು. ಹಾರ್ಸ್‌ರ್ಯಾಡಿಶ್ ಎಂಬ ಖಾರದ ಬೇರಿನಿಂದ ತೆಗೆದ ಪೆರಾಕ್ಸಿಡೇಸ್. (ನಮ್ಮ ನುಗ್ಗೆಯ ಬೇರಿಗೂ ಅದೇ ಖಾರ, ಅದಕ್ಕೇ ಬ್ರಿಟಿಷರು ನುಗ್ಗೆಗೆ ಹಾರ್ಸ್‌ರ್ಯಾಡಿಶ್ ಮರ ಎಂದೇ ಹೆಸರಿಟ್ಟರು. ಕಿಣ್ವ ಬರುವುದು ನುಗ್ಗೆಯಿಂದಲ್ಲ.) ಈ ಕಿಣ್ವ ಇದ್ದಲ್ಲಿ ಡಿಎಬಿ ಎಂಬ ರಾಸಾಯನಿಕ ಸುರಿದರೆ ಕಾಫಿಪುಡಿಯಂಥ ಕಂದು ಬಣ್ಣ ಕೂರುತ್ತದೆ, ಸಾಧಾರಣ ಸೂಕ್ಷ್ಮದರ್ಶಕದಲ್ಲೇ ಕಾಣುತ್ತದೆ, ವರ್ಷಗಟ್ಟಲೆ ಮಾಸುವುದಿಲ್ಲ. ಆಮೇಲೆ ಕೋಳಿಮೊಟ್ಟೆಯ ಬಿಳಿಯಲ್ಲಿರುವ ಅವಿಡಿನ್ ಎಂಬ ಪ್ರೋಟೀನನ್ನು ಬಳಸಿ ಬಣ್ಣವನ್ನು ಹತ್ತಾರು ಪಟ್ಟು ಗಾಢ ಮಾಡುವ ವಿಧಾನ ಬಂತು, 1981ರಲ್ಲಿ.

ಒಂದೇ ಬೀಗದ ಕೀಲಿಯನ್ನು ಎಷ್ಟು ಬೇಕೋ ಅಷ್ಟು ಮಾಡಿಸುವುದು ಹೇಗೆ? 1975ರಲ್ಲಿ ಕೇಂಬ್ರಿಜ್‌ನಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೀನ್ ಇಲಿಯ ಪ್ರತಿಕಾಯ ಮಾಡುವ ಕೋಶವನ್ನು ಒಂದು ಕ್ಯಾನ್ಸರ್ ಕೋಶದ ಜೊತೆ ಬೆಸೆದರು. ಮೊದಲನೆಯದರ ಕೌಶಲ, ಎರಡನೆಯದರ ಸಾವಿಲ್ಲದ ಗುಣ. 1984ರಲ್ಲಿ ನೊಬೆಲ್. ಕ್ಯಾನ್ಸರನ್ನು ಪತ್ತೆಹಚ್ಚುವ ಕೀಲಿಗಳನ್ನು ಎರಕ ಹೊಯ್ದದ್ದು ಕ್ಯಾನ್ಸರಿನ ಕುಲುಮೆಯಲ್ಲೇ.

ಇಷ್ಟಾದರೂ ಒಂದು ತೊಡಕು ಉಳಿದಿತ್ತು. ಫಾರ್ಮಲಿನ್ ಕಟ್ಟಿದ ಸೇತುವೆಗಳು ಬೀಗದ ಕಿಂಡಿಯನ್ನೇ ಮುಚ್ಚಿಬಿಡುತ್ತಿದ್ದವು. ಇಲ್ಲಿ ಮತ್ತೆ ರೇಷ್ಮೆಗೆ ಬರಬೇಕು. ಗೂಡಿನ ಎಳೆಯ ತೂಕದಲ್ಲಿ ಸುಮಾರು ಕಾಲುಭಾಗ ಸೆರಿಸಿನ್ ಎಂಬ ಅಂಟು. ಆ ಅಂಟು ಇರುವವರೆಗೆ ನೂಲಿಗೆ ಹೊಳಪಿಲ್ಲ, ಬಣ್ಣವೂ ಸಮನಾಗಿ ಕುಡಿಯುವುದಿಲ್ಲ. ಧರ್ಮಾವರಂನ ಸೀರೆಯ ನೂಲಾಗಲಿ ಇನ್ನೊಂದಾಗಲಿ, ಬಣ್ಣದ ತೊಟ್ಟಿಗೆ ಇಳಿಯುವ ಮುಂಚೆ ಸೋಪುನೀರಿನಲ್ಲಿ ಕುದಿಯಲೇಬೇಕು. ಅಂಗಾಂಶವನ್ನೂ ಕುದಿಸಿದರೆ? ಯಾರಿಗೂ ಧೈರ್ಯವಿರಲಿಲ್ಲ, ಪ್ರೋಟೀನು ಬೆಂದು ಹಾಳಾಗುತ್ತದೆ ಎಂದು. ಶಾನ್-ರಾಂಗ್ ಶಿ ಎಂಬ ವಿಜ್ಞಾನಿ 1940ರ ದಶಕದ ಹಳೆಯ ರಸಾಯನಶಾಸ್ತ್ರದ ಲೇಖನಗಳನ್ನು ಕೆದಕಿದಾಗ, ಫಾರ್ಮಲಿನ್ನಿನ ಬಂಧ ಹೆಚ್ಚು ಶಾಖಕ್ಕೆ ಸಡಿಲವಾಗುತ್ತದೆ ಎಂಬ ಮಾತು ಸಿಕ್ಕಿತು. ಸ್ಲೈಡುಗಳನ್ನು ಮೈಕ್ರೋವೇವ್ ಒಲೆಯಲ್ಲಿಟ್ಟು ಕುದಿಸಿದರು. ಅದುವರೆಗೆ ಮೂಕವಾಗಿದ್ದ ಪ್ರೋಟೀನುಗಳು ಮಾತಾಡಿದವು. 1991ರಲ್ಲಿ ಲೇಖನ ಬಂತು. ಇಂದು ದೊಡ್ಡ ಪ್ರಯೋಗಾಲಯಗಳಲ್ಲಿ ಇದಕ್ಕೆ ಯಂತ್ರಗಳಿವೆ. ನಮ್ಮ ಎಷ್ಟೋ ಪ್ರಯೋಗಾಲಯಗಳಲ್ಲಿ ಈ ಕೆಲಸ ಮಾಡಿದ್ದು, ಈಗಲೂ ಮಾಡುತ್ತಿರುವುದು, ಅನ್ನ ಮಾಡುವ ಪ್ರೆಶರ್ ಕುಕ್ಕರ್. ಸಿಟ್ರೇಟ್ ದ್ರಾವಣದಲ್ಲಿ ಸ್ಲೈಡು ಇಟ್ಟು, ಸೀಟಿ ಎಣಿಸಿ ಇಳಿಸುತ್ತಾರೆ. ಇಮ್ಯುನೋಹಿಸ್ಟೋಕೆಮಿಸ್ಟ್ರಿ ಎಂಬ ಭಾರದ ಹೆಸರಿನ, ಆಸ್ಪತ್ರೆಯ ಬಾಯಲ್ಲಿ ಬರೀ ‘ಐಎಚ್‌ಸಿ’ ಆಗಿರುವ ಪರೀಕ್ಷೆಯ ಒಳಗುಟ್ಟು ಇಷ್ಟೇ: ಬೇಯಿಸು, ಕೀಲಿ ಹಾಕು, ಕಂದು ಬಂತೇ ನೋಡು.

ಈಗ ನಮ್ಮ ಹೆಂಗಸಿನ ಸ್ಲೈಡಿಗೆ ಬರೋಣ. ಪ್ರಶ್ನೆಗಳನ್ನು ಕೇಳುವುದಕ್ಕೂ ಒಂದು ಕ್ರಮವಿದೆ. ಹೀಗೆ ಹುಡುಕುವ ಪ್ರೋಟೀನಿಗೆ ಮಾರ್ಕರ್ ಎಂದು ಹೆಸರು, ಒಂದೊಂದು ಮಾರ್ಕರಿಗೂ ಬೇರೆ ಬೇರೆ ದುಡ್ಡು. ಹತ್ತು ಹದಿನೈದು ಮಾರ್ಕರ್ ಒಟ್ಟಿಗೆ ಹಾಕಿಸಿ, ಆಮೇಲೆ ಯೋಚಿಸುವ ಪೆಥಾಲಜಿಸ್ಟ್‌ಗಿಂತ, ನೀಲಿ-ಗುಲಾಬಿ ಸ್ಲೈಡನ್ನು ಅರ್ಧ ಗಂಟೆ ನೋಡಿ ನಾಲ್ಕು ಮಾರ್ಕರ್ ಬರೆಯುವವರೇ ನನ್ನ ಲೆಕ್ಕದಲ್ಲಿ ಜಾಣರು. ಇದು ದುಡ್ಡಿನ ಮಾತಷ್ಟೇ ಅಲ್ಲ. ಯಾವ ಮಾರ್ಕರೂ ನೂರಕ್ಕೆ ನೂರು ನಿಷ್ಠವಲ್ಲ. ಹೆಚ್ಚು ಸಾಕ್ಷಿಗಳನ್ನು ಕರೆದರೆ ಒಬ್ಬನಾದರೂ ತಪ್ಪು ಹೇಳಿಯೇ ಹೇಳುತ್ತಾನೆ.

ಮೊದಲ ಪ್ರಶ್ನೆ, ಊರಿನವಳೋ ವಲಸೆ ಬಂದವಳೋ. ಪ್ಯಾಕ್ಸ್-8 ಎಂಬ ಪ್ರೋಟೀನು ಹೆಣ್ಣಿನ ಗರ್ಭಕೋಶ, ಅಂಡನಾಳಗಳನ್ನು ಭ್ರೂಣದಲ್ಲಿ ಕಟ್ಟುವ ಮೇಸ್ತ್ರಿಗಳಲ್ಲೊಂದು. ಇದು ಕೋಶಕೇಂದ್ರಗಳಲ್ಲಿ ಕಂದಾಗಿ ಬಂದರೆ ಗಡ್ಡೆ ಹೆಣ್ಣಂಗದ ಸೀಮೆಯದೇ ಎನ್ನಲು ಬಲ. (ಮೂತ್ರಪಿಂಡ, ಥೈರಾಯಿಡ್‌ಗಳಲ್ಲೂ ಇದು ಬರುತ್ತದೆ ಎಂಬ ಎಚ್ಚರ ಬೇಕು.) ಕೆರಾಟಿನ್ ಕುಟುಂಬದ ಸಿಕೆ-7 ಮತ್ತು ಸಿಕೆ-20 ಇನ್ನೊಂದು ಜೋಡಿ. ಅಂಡಾಶಯದ ಬಹುಪಾಲು ಕ್ಯಾನ್ಸರುಗಳಲ್ಲಿ 7 ಕಂದು, 20 ಖಾಲಿ. ದೊಡ್ಡಕರುಳಿನದರಲ್ಲಿ ಅದು ತಿರುವುಮುರುವು, ಜೊತೆಗೆ ಸಿಡಿಎಕ್ಸ್-2, ಸ್ಯಾಟ್‌ಬಿ-2 ಎಂಬ ಕರುಳಿನ ಮಾತುಗಳೂ ಕೇಳುತ್ತವೆ. ಲೋಳೆ ಸುರಿಸುವ ಗಡ್ಡೆಗಳಲ್ಲಿ ಮಾತ್ರ ಈ ನಾಲಿಗೆಗಳು ಕಲಸಿಹೋಗುತ್ತವೆ. ಗಡಿಯೂರಿನ ಮಾತಿನ ಹಾಗೆ, ಅರ್ಧ ಅದು, ಅರ್ಧ ಇದು. ಜಠರದ್ದಂತೂ ಎರಡನ್ನೂ ಆಡಬಲ್ಲದು. ಅಲ್ಲಿ ಗಡ್ಡೆಯ ಗಾತ್ರ ನೋಡಬೇಕು. ಒಂದೇ ಕಡೆ ಕುಂಬಳಕಾಯಿಯಷ್ಟು ಬೆಳೆದದ್ದು ಸಾಮಾನ್ಯವಾಗಿ ಅಲ್ಲಿಯೇ ಹುಟ್ಟಿದ್ದು, ಎರಡೂ ಕಡೆ ನಿಂಬೆ ಕಿತ್ತಳೆಯಷ್ಟಿರುವುದು ಸಾಮಾನ್ಯವಾಗಿ ಬಂದದ್ದು. ಆಮೇಲೂ ಅನುಮಾನವಿದ್ದರೆ ಎಂಡೋಸ್ಕೋಪಿ ಮಾಡಿಸಲೇಬೇಕು. ಬಣ್ಣ ಎಲ್ಲದಕ್ಕೂ ಉತ್ತರ ಕೊಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಎರಡನೆಯ ಪ್ರಶ್ನೆ, ಊರಿನವಳೇ ಆದರೆ ಯಾವ ಕೇರಿ. ‘ಅಂಡಾಶಯದ ಕ್ಯಾನ್ಸರ್’ ಎಂದು ನಾವು ಒಂದು ಹೆಸರಿನಲ್ಲಿ ಕರೆಯುವುದು ನಿಜದಲ್ಲಿ ಐದು ಮುಖ್ಯ ರೋಗಗಳು: ಉಗ್ರ ಸೀರಸ್, ಮಂದ ಸೀರಸ್, ಎಂಡೊಮೆಟ್ರಿಯಾಯಿಡ್, ಕ್ಲಿಯರ್ ಸೆಲ್, ಮ್ಯುಸಿನಸ್. ನೂರರಲ್ಲಿ ಸುಮಾರು ಎಪ್ಪತ್ತು ಉಗ್ರ ಸೀರಸ್. ಅದಕ್ಕೆ ಕಾರ್ಬೊಪ್ಲಾಟಿನ್, ಪ್ಯಾಕ್ಲಿಟ್ಯಾಕ್ಸೆಲ್ ಜೋಡಿಯ ಕಿಮೋ ಚೆನ್ನಾಗಿಯೇ ನಾಟುತ್ತದೆ. ಮಂದ ಸೀರಸ್, ಮ್ಯುಸಿನಸ್, ಕ್ಲಿಯರ್ ಸೆಲ್‌ಗಳನ್ನು ಅದೇ ಕಿಮೋ ಅಷ್ಟಾಗಿ ಬಗ್ಗಿಸುವುದಿಲ್ಲ. ಎಲ್ಲರಿಗೂ ಒಂದೇ ಚೀಟಿ ಬರೆದ ಕಾಲ ಒಂದಿತ್ತು. ಆ ಕಾಲ ಮುಗಿದದ್ದರಲ್ಲಿ ಈ ಕಂದು ಬಣ್ಣದ ಪಾಲು ದೊಡ್ಡದು.

ಕೆನಡಾದ ಮಾರ್ಟಿನ್ ಕೋಬೆಲ್ ಮತ್ತು ಸಂಗಡಿಗರು 2016ರಲ್ಲಿ ಈ ಐದನ್ನು ಬಿಡಿಸಲು ನಾಲ್ಕೇ ಮಾರ್ಕರುಗಳ ದಾರಿ ಹಾಕಿಕೊಟ್ಟರು: ಡಬ್ಲ್ಯುಟಿ-1, ಪಿ53, ನ್ಯಾಪ್ಸಿನ್-ಎ, ಪಿಆರ್. ಡಬ್ಲ್ಯುಟಿ ಎಂದರೆ ವಿಲ್ಮ್ಸ್ ಗಡ್ಡೆ, ಮಕ್ಕಳ ಮೂತ್ರಪಿಂಡದ ಕ್ಯಾನ್ಸರ್. ಅಲ್ಲಿ ಸಿಕ್ಕ ಜೀನು ಇಲ್ಲಿ ಸೀರಸ್ ಜಾತಿಯ ಗುರುತಾಯಿತು. ಡಬ್ಲ್ಯುಟಿ-1 ಕಂದಾದರೆ ಸೀರಸ್, ಆಮೇಲೆ ಪಿ53 ನೋಡಿ ಉಗ್ರವೋ ಮಂದವೋ ತೀರ್ಮಾನ. ಡಬ್ಲ್ಯುಟಿ-1 ಖಾಲಿಯಾಗಿ ನ್ಯಾಪ್ಸಿನ್-ಎ ಬಂದರೆ ಕ್ಲಿಯರ್ ಸೆಲ್, ಪಿಆರ್ ಎಂಬ ಹಾರ್ಮೋನು ಗ್ರಾಹಕ ಬಂದರೆ ಎಂಡೊಮೆಟ್ರಿಯಾಯಿಡ್, ಯಾವುದೂ ಬರದಿದ್ದರೆ ಮ್ಯುಸಿನಸ್ ಕಡೆ ಯೋಚನೆ. ಬರೆದಷ್ಟು ಸಲೀಸಲ್ಲ, ಆದರೂ ನಾಲ್ಕು ಸ್ಲೈಡಿಗೆ ಇದು ಒಳ್ಳೆಯ ಫಸಲು.

ನಾಲ್ಕರಲ್ಲಿ ಪಿ53ರ ಕತೆಯನ್ನು ಬಿಡಿಸಿ ಹೇಳಲೇಬೇಕು. ಈ ಪ್ರೋಟೀನು 1979ರಲ್ಲಿ ಸಿಕ್ಕಿತು. ಹತ್ತು ವರ್ಷ ಇದನ್ನು ಕ್ಯಾನ್ಸರ್ ತರುವ ಖಳ ಎಂದೇ ತಿಳಿದಿದ್ದರು. 1989ರ ಹೊತ್ತಿಗೆ ಗೊತ್ತಾಯಿತು, ಇದು ಕಾವಲುಗಾರ. ಅದುವರೆಗೆ ಪ್ರಯೋಗಾಲಯದಲ್ಲಿ ನೋಡಿದ್ದೆಲ್ಲ ಕೆಟ್ಟುಹೋದ ಕಾವಲುಗಾರನನ್ನು. ಆರೋಗ್ಯವಂತ ಕೋಶದಲ್ಲಿ ಪಿ53 ಹುಟ್ಟಿದ ಸ್ವಲ್ಪ ಹೊತ್ತಿಗೇ ಕರಗಿಹೋಗುತ್ತದೆ. ಆದ್ದರಿಂದ ಸ್ಲೈಡಿನಲ್ಲಿ ಕೆಲವು ಕೋಶಕೇಂದ್ರ ಗಾಢ, ಕೆಲವು ತೆಳು, ಕೆಲವು ಖಾಲಿ. ಜೀನಿನ ಒಂದಕ್ಷರ ತಪ್ಪಿ ಸೊಟ್ಟ ಪ್ರೋಟೀನು ಹುಟ್ಟಿದರೆ ಅದು ಕರಗದೆ ರಾಶಿ ಬೀಳುತ್ತದೆ, ಎಲ್ಲ ಕೋಶಕೇಂದ್ರಗಳೂ ಕಾಫಿಪುಡಿ. ಜೀನಿನ ವಾಕ್ಯವೇ ನಡುವೆ ಮುರಿದರೆ ಪ್ರೋಟೀನೇ ಇಲ್ಲ, ಕ್ಯಾನ್ಸರ್ ಕೋಶಗಳೆಲ್ಲ ಬರೀ ನೀಲಿ. ಎರಡೂ ಕೆಟ್ಟದ್ದರ ಗುರುತೇ. ಹೆಚ್ಚು ಬಂದರೂ ರೋಗ, ಏನೂ ಬರದಿದ್ದರೂ ರೋಗ, ಅಲ್ಲಲ್ಲಿ ಬಂದರೆ ಸಹಜ! 2011ರಲ್ಲಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಯೋಜನೆ 316 ಉಗ್ರ ಸೀರಸ್ ಗಡ್ಡೆಗಳನ್ನು ಓದಿದಾಗ ನೂರಕ್ಕೆ 96ರಲ್ಲಿ ಈ ಜೀನು ಕೆಟ್ಟಿತ್ತು.

ಈ ‘ಏನೂ ಬರದಿದ್ದರೂ ರೋಗ’ ಎಂಬುದು ಎಲ್ಲರ ಎದೆ ನಡುಗಿಸುವ ಜಾಗ. ಬಣ್ಣ ಬರದಿರುವುದಕ್ಕೆ ಪ್ರೋಟೀನು ಇಲ್ಲದಿರುವುದು ಒಂದೇ ಕಾರಣವಲ್ಲವಲ್ಲ? ಕುಕ್ಕರ್ ಬೇಗ ಇಳಿಸಿದ್ದಿರಬಹುದು, ಪ್ರತಿಕಾಯ ಹಳೆಯದಿರಬಹುದು, ಅಂಗಾಂಶವೇ ಕೊಳೆತಿರಬಹುದು. ಇದನ್ನು ತಿಳಿಯಲು ಪೆಥಾಲಜಿಸ್ಟ್ ಕ್ಯಾನ್ಸರ್ ಕೋಶದಿಂದ ಕಣ್ಣು ತೆಗೆದು ಪಕ್ಕದ ಮನೆ ನೋಡುತ್ತಾರೆ. ಅದೇ ಸ್ಲೈಡಿನಲ್ಲಿ ರಕ್ತನಾಳದ ಗೋಡೆಯ ಕೋಶಗಳು, ಬಿಳಿ ರಕ್ತಕಣಗಳು, ನಾರಿನ ಕೋಶಗಳು ಇರುತ್ತವೆ. ಅವು ರೋಗವಿಲ್ಲದವು, ಅವುಗಳಲ್ಲಿ ಅಲ್ಲಲ್ಲಿ ತೆಳು ಕಂದು ಬರಲೇಬೇಕು. ಬಂದಿದ್ದರೆ ಪರೀಕ್ಷೆ ನಡೆದಿದೆ, ಕ್ಯಾನ್ಸರಿನ ಮೌನ ನಿಜವಾದ ಮೌನ. ಅವೂ ಖಾಲಿಯಿದ್ದರೆ ಆ ಸ್ಲೈಡಿಗೆ ಬೆಲೆಯಿಲ್ಲ. ಎಸೆದು ಮತ್ತೆ ಹಾಕಬೇಕು. ಮತ್ತೆ ಹಾಕಿದರೂ ಬರದಿದ್ದರೆ ತಪ್ಪು ಬಹುಶಃ ಪ್ರಯೋಗಾಲಯದ್ದಲ್ಲ, ಅಂಗಾಂಶ ಸಮಯಕ್ಕೆ ಫಾರ್ಮಲಿನ್ನಿಗೆ ಬೀಳದ ಆಪರೇಷನ್ ದಿನದ್ದು. ಆ ದಿನಕ್ಕೆ ಹಿಂದಿರುಗಲು ಆಗುವುದಿಲ್ಲ.

ಪಿ53ರ ಬಣ್ಣವೇ ಇನ್ನೊಂದು ಅಚ್ಚರಿಯನ್ನೂ ಬಯಲು ಮಾಡಿತು. ಮನೆತನದಲ್ಲಿ ಕ್ಯಾನ್ಸರ್ ಇದ್ದು ಮುಂಜಾಗ್ರತೆಗೆ ಅಂಡಾಶಯ, ಅಂಡನಾಳ ತೆಗೆಸಿಕೊಂಡ ಹೆಂಗಸರ ಅಂಗಗಳನ್ನು 2001ರಲ್ಲಿ ನೆದರ್ಲೆಂಡ್ಸ್‌ನ ವೈದ್ಯರು ಕೂಲಂಕಷವಾಗಿ ನೋಡಿದರು. ಕ್ಯಾನ್ಸರಿಗೆ ಮೊದಲಿನ ಬದಲಾವಣೆಗಳು ಕಂಡದ್ದು ಅಂಡಾಶಯದಲ್ಲಲ್ಲ, ಅಂಡನಾಳದಲ್ಲಿ. ಕೆಲವು ವರ್ಷಗಳ ಮೇಲೆ ಬಾಸ್ಟನ್ನಿನ ಕ್ರಿಸ್ಟೋಫರ್ ಕ್ರಮ್ ಮತ್ತು ಸಂಗಡಿಗರು ಅಂಡನಾಳದ ತುದಿಯ ಜಾಲರಿಯಂಥ ಭಾಗವನ್ನು ಎಳೆ ಎಳೆಯಾಗಿ ಕತ್ತರಿಸಿ ಬಣ್ಣ ಹಾಕಿದರು. ಪಿ53 ಕಡು ಕಂದು. ಕೋಶಗಳು ವಿಭಜನೆಯಲ್ಲಿವೆ ಎಂದು ಹೇಳುವ ಕೆಐ-67 ಕೂಡ ಕಂದು. (ಕೆಐ ಎಂದರೆ ಜರ್ಮನಿಯ ಕೀಲ್ ಪಟ್ಟಣ, 67 ಎಂದರೆ ಪ್ರತಿಕಾಯ ಸಿಕ್ಕ ತಟ್ಟೆಯ ಗುಳಿಯ ನಂಬರು. ವಿಜ್ಞಾನಿಗಳೂ ಊರಿನ ಇನಿಷಿಯಲ್ ಬಿಟ್ಟವರಲ್ಲ.) ನಾವು ಅಂಡಾಶಯದ್ದು ಎಂದು ನೂರು ವರ್ಷ ಕರೆದ ಉಗ್ರ ಸೀರಸ್ ಕ್ಯಾನ್ಸರಿನ ಬಹುಪಾಲಿಗೆ ಹುಟ್ಟೂರು ಅಂಡನಾಳದ ತುದಿ ಎಂದು ಈಗ ಒಪ್ಪಿದ್ದಾರೆ. ಅಂಡಾಶಯ ಅದರ ಬಾಡಿಗೆ ಮನೆ.

ನಮ್ಮ ಕಡೆಗೆ ಇದು ದೂರದ ಸುದ್ದಿಯಲ್ಲ. ಕುಟುಂಬಯೋಜನೆ ಎಂದರೆ ಇಲ್ಲಿ ಹೆಂಗಸರ ಆಪರೇಷನ್. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆಂಧ್ರಪ್ರದೇಶದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ ಸುಮಾರು 70 ಮಂದಿಗೆ ಅದು ಆಗಿದೆ. ಆ ಆಪರೇಷನ್ ನಾಳದ ನಡುಭಾಗವನ್ನು ಕಟ್ಟುತ್ತದೆ, ಕ್ಯಾನ್ಸರ್ ಮೊಳೆಯುವ ತುದಿ ಅಲ್ಲೇ ಉಳಿಯುತ್ತದೆ. ಬೇರೆ ಕಾರಣಕ್ಕೆ ಗರ್ಭಕೋಶ ತೆಗೆಯುವಾಗ ಅಂಡನಾಳಗಳನ್ನೂ ಪೂರ್ತಿ ತೆಗೆಯುವುದು ಒಳ್ಳೆಯದು ಎಂಬ ಅಭಿಪ್ರಾಯ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2010ರಿಂದ ಪದ್ಧತಿಯಾಯಿತು, ಬೇರೆಡೆಗೂ ಹರಡಿತು. ಒಂದು ಕಂದು ಬಣ್ಣ ಶಸ್ತ್ರಚಿಕಿತ್ಸೆಯ ಗೆರೆಯನ್ನೇ ಬದಲಿಸಿದ್ದು ಹೀಗೆ.

ಎಲ್ಲ ಅಂಡಾಶಯದ ಗಡ್ಡೆಗಳೂ ಐವತ್ತರ ಹೆಂಗಸರವಲ್ಲ. ಹದಿನಾರರ ಹುಡುಗಿಗೆ ಬಂದ ಗಡ್ಡೆ ಮೊಟ್ಟೆಯಾಗಬೇಕಿದ್ದ ಆದಿಕೋಶಗಳಿಂದ ಹುಟ್ಟಿರುವ ಸಂಭವವೇ ಹೆಚ್ಚು. ಅಲ್ಲಿ ಕೇಳುವ ಪ್ರಶ್ನೆಗಳೇ ಬೇರೆ: ಸ್ಯಾಲ್-4, ಆಕ್ಟ್-4. ಈ ಆಕ್ಟ್-4 ಭ್ರೂಣದ ಮೊದಲ ದಿನಗಳ ಪ್ರೋಟೀನು, ಯಮನಾಕ 2006ರಲ್ಲಿ ಸಾಮಾನ್ಯ ಕೋಶವನ್ನು ಮತ್ತೆ ಎಳೆಯದಾಗಿಸಲು ಬಳಸಿದ ನಾಲ್ಕರಲ್ಲಿ ಒಂದು. ಇಂಥ ಗಡ್ಡೆಗಳಲ್ಲಿ ಹೆಚ್ಚಿನವು ಸಿಸ್‌ಪ್ಲಾಟಿನ್ ಇರುವ ಕಿಮೋಗೆ ಕರಗಿಹೋಗುತ್ತವೆ, ಎಷ್ಟೋ ಸಲ ಒಂದು ಅಂಡಾಶಯವನ್ನೂ ಗರ್ಭಕೋಶವನ್ನೂ ಉಳಿಸಿಕೊಳ್ಳಬಹುದು. ಹುಡುಗಿ ಮುಂದೆ ತಾಯಿಯಾಗಬಲ್ಲಳೇ ಎಂಬುದು ಎರಡು ಕಂದು ಸ್ಲೈಡುಗಳ ಮೇಲೆ ನಿಂತಿರುವುದುಂಟು. ಹಾರ್ಮೋನು ಸುರಿಸುವ ಗ್ರಾನುಲೋಸ ಗಡ್ಡೆ ಇನ್ನೊಂದು ಬಗೆ, ಅದಕ್ಕೆ ಇನ್ಹಿಬಿನ್ ಎಂಬ ಮಾರ್ಕರು. 2009ರಲ್ಲಿ ವ್ಯಾಂಕೂವರಿನ ವಿಜ್ಞಾನಿಗಳು ವಯಸ್ಕರ ಈ ಗಡ್ಡೆಗಳಲ್ಲಿ ಬಹುತೇಕ ಎಲ್ಲದರಲ್ಲೂ ಒಂದೇ ಜೀನಿನ ಒಂದೇ ಅಕ್ಷರ ತಪ್ಪಿರುವುದನ್ನು ಕಂಡುಹಿಡಿದರು.

ಇತ್ತೀಚೆಗೆ ಬಣ್ಣಕ್ಕೆ ಮೂರನೆಯ ಕೆಲಸವೂ ಬಂದಿದೆ. ಊರು ಕೇಳುವುದಲ್ಲ, ಬಾಗಿಲು ಎಲ್ಲಿದೆ ಎಂದು ಕೇಳುವುದು. ಕೆಲವು ಉಗ್ರ ಸೀರಸ್ ಕೋಶಗಳ ಮೈಮೇಲೆ ಫೋಲೇಟ್ ಎಂಬ ವಿಟಮಿನ್ ಹಿಡಿಯುವ ಗ್ರಾಹಕ ದಟ್ಟವಾಗಿರುತ್ತದೆ. ಅದಕ್ಕೆ ಅಂಟುವ ಪ್ರತಿಕಾಯದ ಬೆನ್ನಿಗೆ ಬಣ್ಣದ ಬದಲು ವಿಷ ಕಟ್ಟಿದ ಔಷಧವೊಂದಕ್ಕೆ 2022ರ ನವೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, ಪ್ಲಾಟಿನಂ ಕಿಮೋಗೆ ಬಗ್ಗದ ಕ್ಯಾನ್ಸರಿಗೆ. ಯಾರಿಗೆ ಕೊಡಬೇಕು? ನೂರು ಕ್ಯಾನ್ಸರ್ ಕೋಶಗಳಲ್ಲಿ 75ರಲ್ಲಾದರೂ ಕಂದು ಬಣ್ಣ ಮಧ್ಯಮ ಇಲ್ಲವೇ ಅದಕ್ಕಿಂತ ಗಾಢವಾಗಿದ್ದರೆ. ಇಲ್ಲಿ ಪೆಥಾಲಜಿಸ್ಟ್ ಹೆಸರಿಡುವುದಿಲ್ಲ, ಎಣಿಸುತ್ತಾರೆ. ಎಂಎಲ್ಎಚ್-1, ಎಂಎಸ್ಎಚ್-2, ಎಂಎಸ್ಎಚ್-6, ಪಿಎಂಎಸ್-2 ಎಂಬ ನಾಲ್ಕು ದುರಸ್ತಿ ಪ್ರೋಟೀನುಗಳಲ್ಲಿ ಒಂದು ಮಾಯವಾಗಿದ್ದರೆ ದೋಷ ವಂಶದಲ್ಲೇ ಬಂದದ್ದಿರಬಹುದು, ಒಡಹುಟ್ಟಿದವರಿಗೂ ಮಕ್ಕಳಿಗೂ ಕರುಳಿನ ಪರೀಕ್ಷೆ ಮಾಡಿಸಬೇಕಾಗಬಹುದು. ಅಲ್ಲಿಯೂ ಮತ್ತದೇ ಮಾತು, ‘ಬರಲಿಲ್ಲ’ ಎಂಬ ಉತ್ತರ ನಂಬಬೇಕಾದರೆ ಅಂಗಾಂಶ ಚೆನ್ನಾಗಿರಬೇಕು.

ಭಾರತದಲ್ಲಿ 2022ರಲ್ಲಿ ಅಂಡಾಶಯದ ಕ್ಯಾನ್ಸರಿನ ಹೊಸ ರೋಗಿಗಳು ಸುಮಾರು 47 ಸಾವಿರ, ಸಾವು ಸುಮಾರು 33 ಸಾವಿರ ಎಂದು ಜಾಗತಿಕ ಕ್ಯಾನ್ಸರ್ ಅಂದಾಜು ಹೇಳುತ್ತದೆ. ಇವರಲ್ಲಿ ಎಷ್ಟೋ ಮಂದಿಯ ಮೊದಲ ಆಪರೇಷನ್ ಆಗುವುದು ದೊಡ್ಡ ಕ್ಯಾನ್ಸರ್ ಆಸ್ಪತ್ರೆಯಲ್ಲಲ್ಲ, ತಾಲ್ಲೂಕಿನ ನರ್ಸಿಂಗ್ ಹೋಮಿನಲ್ಲಿ. ‘ಗಡ್ಡೆ ಇದೆ, ತೆಗೆದುಬಿಡೋಣ’ ಎಂದು. ತೆಗೆದ ಗಡ್ಡೆ ಸಲೈನ್ ತುಂಬಿದ ಡಬ್ಬಿಯಲ್ಲಿ ಎರಡು ದಿನ ಕೂತು ಪ್ರಯೋಗಾಲಯಕ್ಕೆ ಬರುವುದುಂಟು. ಸಲೈನ್ ಉಪ್ಪುನೀರು, ಅದರಲ್ಲಿ ಅಂಗಾಂಶ ಕೊಳೆಯುತ್ತದೆ. ಫಾರ್ಮಲಿನ್ನೇ ಹಾಕಿದ್ದರೂ ಕುಂಬಳದಂಥ ಗಡ್ಡೆಯನ್ನು ಇಡಿಯಾಗಿ ಮುಳುಗಿಸಿದರೆ ಒಳಗು ಉಳಿಯುವುದಿಲ್ಲ. ಫಾರ್ಮಲಿನ್ ಗಂಟೆಗೆ ಹೆಚ್ಚೆಂದರೆ ಒಂದು ಮಿಲಿಮೀಟರು ಒಳಗಿಳಿಯುತ್ತದೆ, ಅಷ್ಟರಲ್ಲಿ ನಡುಭಾಗ ಕೆಟ್ಟಿರುತ್ತದೆ. ಗಡ್ಡೆಯನ್ನು ಸೀಳಿ, ಅದರ ಹತ್ತು ಪಟ್ಟು ಫಾರ್ಮಲಿನ್ನಿನಲ್ಲಿ, ಆಪರೇಷನ್ ಆದ ಗಂಟೆಯೊಳಗೆ ಇಡಬೇಕು. ಬೆಂಗಳೂರಿನ ಪ್ರಯೋಗಾಲಯದಲ್ಲಿ ಎಷ್ಟೇ ದುಬಾರಿ ಯಂತ್ರವಿರಲಿ, ಹಿಂದೂಪುರದ ಡಬ್ಬಿಯಲ್ಲಿ ಕೆಟ್ಟದ್ದನ್ನು ಅದು ಸರಿಮಾಡಲಾರದು. ಚಿಟ್ಟೆ ಕೊರೆದ ಗೂಡಿನಿಂದ ಯಾವ ಯಂತ್ರವೂ ನೂಲು ಬಿಚ್ಚುವುದಿಲ್ಲವಲ್ಲ, ಹಾಗೆ.

ನಮ್ಮ ಕಲ್ಪನೆಯ ಹೆಂಗಸಿನ ತುಣುಕು ಫಾರ್ಮಲಿನ್ನಿನಲ್ಲೇ ಬಂತು ಎಂದುಕೊಳ್ಳೋಣ. ಪ್ಯಾಕ್ಸ್-8 ಕಂದು, ಡಬ್ಲ್ಯುಟಿ-1 ಕಂದು, ಪಿ53 ಪೂರ್ತಿ ಖಾಲಿ, ಪಕ್ಕದ ರಕ್ತನಾಳದಲ್ಲಿ ಮಾತ್ರ ತೆಳು ಕಂದು. ಉಗ್ರ ಸೀರಸ್. ಅಂಡನಾಳದ ಕಡೆಯವಳು. ಕಿಮೋ ನಾಟುವ ಜಾತಿ. ಮನೆತನದಲ್ಲಿ ಈ ಕ್ಯಾನ್ಸರ್ ಸಾಗಿಸಬಲ್ಲ ಬಿಆರ್‌ಸಿಎ ಎಂಬ ಜೀನಿನ ರಕ್ತಪರೀಕ್ಷೆಗೂ ಬರೆಯುತ್ತಾರೆ, ಆಕೆಗೆ ಮಗಳೊಬ್ಬಳಿದ್ದರೆ ಅವಳಿಗೂ ಆ ಉತ್ತರ ಬೇಕು.

ಓದುವವರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ, ನಿಮ್ಮೂರಿನಲ್ಲಿ ಯಾರಿಗಾದರೂ ಗಡ್ಡೆಯ ಆಪರೇಷನ್ ಗೊತ್ತಾದರೆ ಹಿಂದಿನ ದಿನವೇ ಕೇಳಿ, ಡಬ್ಬಿಯಲ್ಲಿ ಫಾರ್ಮಲಿನ್ ಇರುತ್ತದೆಯೇ ಎಂದು. ಸಂಕೋಚ ಬೇಡ, ಒಳ್ಳೆಯ ಡಾಕ್ಟರಿಗೆ ಆ ಪ್ರಶ್ನೆ ಬೇಸರ ತರುವುದಿಲ್ಲ. ತೆಗೆದದ್ದನ್ನು ‘ನೀರುಗಡ್ಡೆ ಅಷ್ಟೇ’ ಎಂದು ಎಸೆಯಲು ಬಿಡಬೇಡಿ. ಬೇರೆ ಆಸ್ಪತ್ರೆಗೆ ಹೋಗುವಾಗ ರಿಪೋರ್ಟಿನ ಜೊತೆ ಸ್ಲೈಡುಗಳನ್ನೂ ಮೇಣದ ಬ್ಲಾಕುಗಳನ್ನೂ ಕೇಳಿ ಪಡೆಯಿರಿ, ಬ್ಲಾಕಿನ ನಂಬರು ರಿಪೋರ್ಟಿಗೆ ಹೊಂದುತ್ತದೆಯೇ ನೋಡಿಕೊಳ್ಳಿ. ಅವನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ, ಮೇಣ ಮೆತ್ತಗಾಗುತ್ತದೆ. ತಂಪಾದ ಜಾಗದಲ್ಲಿಟ್ಟರೆ ಆ ಬ್ಲಾಕು ಹತ್ತಾರು ವರ್ಷ ಇರುತ್ತದೆ, ಹೊಸ ಮಾರ್ಕರ್ ಬಂದಾಗ ಮತ್ತೊಮ್ಮೆ ಸೀಳಿ ಬಣ್ಣ ಹಾಕಬಹುದು.